ಹಸೆಹಾಡಿಗೆ ಹಾಕಿದ ಬೀಗ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಾಗೆನ್ನುವವರು ಯಾರಿಗೂ ಏನನ್ನೂ ‘ಇದು ನಿಮಗೆ ಮಾತ್ರ’ ಎಂದು ಕೊಟ್ಟು ನೋಡಿಲ್ಲ. ನಾನು ಕೊಟ್ಟು ಕೆಟ್ಟಿದ್ದೇನೆ. ನನ್ನ ಹೆಂಡತಿ ಸಾವಿತ್ರಿ ಮದುವೆಯ ಹಸೆಹಾಡುಗಳನ್ನು ಚೆನ್ನಾಗಿ ಹಾಡುತ್ತಾಳೆ. ಅವನ್ನು ರೆಕಾರ್ಡ್ ಮಾಡಿ, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದ ಒಂದು ಜಾಲಕ್ಕೆ ಏರಿಸಿದೆ. ಅದಕ್ಕೆ ಒಬ್ಬ ಯಜಮಾನ ಅಂತಿಲ್ಲ. ಕೋಲಾರದ ನಮ್ಮ ಮನೆಯಲ್ಲೊಂದು ಪುಟ್ಟ ಕಂಪ್ಯೂಟರ್ ಪೆಟ್ಟಿಗೆ, ಮುಳಬಾಗಿಲಿನ ಅಕ್ಕನ ಮನೆಯಲ್ಲೊಂದು, ಹೀಗೆ ಎಲ್ಲ ಮನೆಯವೂ ಸೇರಿದರೆ ಜಾಲ. ಅವರವರ ಸರಕಿಗೆ ಅವರವರದೇ ಬೀಗ. ಯಾರು ಕೇಳಬಹುದು, ಕೇಳಿದವರು ಎಷ್ಟು ಜನರಿಗೆ ದಾಟಿಸಬಹುದು ಎಂಬುದನ್ನೂ ನಾವೇ ಗೊತ್ತುಮಾಡಬಹುದು. ಕಚೇರಿಯಲ್ಲಿ ಮೂವತ್ತು ವರ್ಷ ಜನರ ಅರ್ಜಿಗಳನ್ನು ವಾಪಸು ಕಳಿಸಿದ ನನಗೆ ಇದಕ್ಕಿಂತ ಸುಖ ಬೇಕೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯ ಕೆಲಸ ನನಗೆ ಮೊದಲಿನಿಂದಲೂ ಇಷ್ಟ.

ಅಕ್ಕನಿಗೆ ಕೇಳುವ ಹಕ್ಕು ಕೊಟ್ಟೆ. ಜೊತೆಗೆ ಒಬ್ಬರಿಗೆ ಮಾತ್ರ ದಾಟಿಸುವ ಹಕ್ಕು. ಆ ಒಬ್ಬರು ಮುಂದೆ ಯಾರಿಗೂ ಕೊಡುವಂತಿಲ್ಲ. ಅಕ್ಕ ಅದನ್ನು ಗೌನಿಪಲ್ಲಿಯ ತನ್ನ ಬೀಗಿತ್ತಿಗೆ ಕೊಟ್ಟಳು. ಅಲ್ಲಿಗೆ ನಿಲ್ಲಬೇಕಿತ್ತು. ಹೋದ ತಿಂಗಳು ರಾಯಲ್ಪಾಡಿನಲ್ಲಿ ಗುರುತಿನವರ ಮದುವೆ. ಹಸೆಗೆ ಕರೆಯುವ ಹೊತ್ತಿಗೆ ಮೈಕಿನಲ್ಲಿ ಸಾವಿತ್ರಿಯ ದನಿ! ಸಾವಿತ್ರಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಎರಡನೆಯ ನುಡಿ ಮುಗಿಯುತ್ತಿದ್ದಂತೆ ಇಡೀ ಛತ್ರಕ್ಕೆ ಕೇಳುವಂತೆ ನನ್ನ ದನಿ: “ಲೇ ಸಾವಿತ್ರಿ, ನನ್ನ ಬನೀನು ಎಲ್ಲಿಟ್ಟಿದ್ದೀಯೇ?”

“ಬೀರೂನಲ್ಲಿದೆ ನೋಡ್ರೀ,” ಎಂದು ಪಕ್ಕದಲ್ಲಿದ್ದ ಸಾವಿತ್ರಿ ಅಭ್ಯಾಸಬಲದಿಂದ ಕೂಗಿಬಿಟ್ಟಳು. ಮುಂದಿನ ಸಾಲಿನ ಹಿರಿಯರೊಬ್ಬರು ಹಿಂದೆ ತಿರುಗಿ, “ದೊರಿಕಿಂದಾ ಸಾರ್?” ಎಂದು ನನ್ನ ಬನೀನು ಸಿಕ್ಕಿತೋ ಇಲ್ಲವೋ ತೆಲುಗಿನಲ್ಲಿ ವಿಚಾರಿಸಿಕೊಂಡರು. ಮೈಯೆಲ್ಲ ಉರಿದುಹೋಯಿತು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ ಕೂಗಾಡಿದೆ.

“ಬೀಗಿತ್ತಿ ಯಾರಿಗೂ ಕೊಟ್ಟಿಲ್ಲ ಕಣೋ. ಮದುವೆಮನೇರು ಅರಿಶಿನ ಕುಂಕುಮ ಹಿಡ್ಕೊಂಡು ಬಂದು ಹಾಡು ಕೇಳಿದ್ರಂತೆ. ಇಲ್ಲ ಅನ್ನೋಕಾಗ್ತದಾ? ಇವಳು ತನ್ನ ಫೋನಲ್ಲಿ ಹಾಡು ಹಾಕಿದ್ಳು, ಅವರು ಅವರ ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡ್ಕೊಂಡ್ರು. ನಿನ್ನ ಬೀಗ ಹಂಗೇ ಇದೆ, ಯಾರೂ ಮುಟ್ಟಿಲ್ಲ!”

ಕುಂಕುಮ ಹಿಡಿದು ಬಂದವರನ್ನು ತಡೆಯುವ ಬೀಗವನ್ನು ಯಾವ ಇಂಜಿನಿಯರೂ ಕಂಡುಹಿಡಿದಿಲ್ಲ, ಒಪ್ಪಿದೆ. ಆದರೂ ಮನೆಯ ಸೊತ್ತು ಹೀಗೆ ಬೀದಿಗೆ ಬರಬಹುದೆ? ಬಸ್ಸಿನಲ್ಲೂ ಇದನ್ನೇ ಗೊಣಗಿದೆ. ಶ್ರೀನಿವಾಸಪುರ ದಾಟುತ್ತಿದ್ದಂತೆ ಸಾವಿತ್ರಿ ಕೇಳಿದಳು: “ಅಲ್ಲಾ ರೀ, ಹಾಡಿದ್ದು ನಾನು. ಬೀಗ ಹಾಕಿ ಅಂತ ನಿಮಗೆ ಹೇಳಿದೋರು ಯಾರು?”

ಮನೆಗೆ ಬಂದವಳೇ ಪಾಸ್‌ವರ್ಡ್ ಇಸಕೊಂಡು, ಕೇಳುವ ಹಕ್ಕು, ಕೊಡುವ ಹಕ್ಕು ಎರಡನ್ನೂ ನೆಂಟರಿಷ್ಟರಿಗೆಲ್ಲ ಧಾರಾಳವಾಗಿ ಹಂಚಿಬಿಟ್ಟಳು. ನನಗೆ ಕೇಳುವ ಹಕ್ಕು ಮಾತ್ರ. ಅದೂ ಷರತ್ತಿನ ಮೇಲೆ: ಅವಳು ಹಾಡುವಾಗ ನಾನು ಮನೆಯೊಳಗೆ ಇರಕೂಡದು. ಇದನ್ನು ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಹೊಸ ಹಾಡಿನ ರೆಕಾರ್ಡಿಂಗ್ ನಡೆದಿದೆ. ಚಿಲಕ ಒಳಗಿನಿಂದ ಹಾಕಿದೆ.