ಅರ್ಧಕ್ಕೆ ನಿಂತ ಚಕ್ರ

ಊರ ಅನ್ಯಾಯವನ್ನೆಲ್ಲ ವಾರವಾರ ಪತ್ರಿಕೆಯಲ್ಲಿ ಝಾಡಿಸುವವನು ನಾನು; ಅಂಥ ನನ್ನ ಸ್ವಂತ ಮಗಳಿಗೇ ಭೌತಶಾಸ್ತ್ರದ ಟೀಚರು ಒಂದು ಲೆಕ್ಕಕ್ಕೆ ಸೊನ್ನೆ ಸುತ್ತಿದ್ದರು. ಆ ಲೆಕ್ಕದ ಅಂಕ ಸಿಕ್ಕಿದ್ದರೆ ಹುಡುಗಿ ಪಾಸು. ಇಲ್ಲದಿದ್ದರೆ ಮುಂದೆ ವಿಜ್ಞಾನ ಓದುವ ಆಸೆಗೆ ಎಳ್ಳುನೀರು. ಟೀಚರು ಬೇರೆ ಯಾರೂ ಅಲ್ಲ, ನನ್ನ ಹೆಂಡತಿಯ ಖಾಸಾ ಅಕ್ಕ. (ಅನ್ಯಾಯಕ್ಕೆ ರಕ್ತಸಂಬಂಧವೂ ಸೇರಿತ್ತು.)

ಲೆಕ್ಕ ಇಷ್ಟೇ. ಸೆಕೆಂಡಿಗೆ ಐದು ಸುತ್ತು ತಿರುಗುತ್ತಿದ್ದ ಚಕ್ರ ಒಂದೇ ಸಮನೆ ನಿಧಾನವಾಗುತ್ತ ಇಪ್ಪತ್ತು ಸೆಕೆಂಡಿಗೆ ನಿಲ್ಲುತ್ತದೆ. ಅಷ್ಟರಲ್ಲಿ ಎಷ್ಟು ಸುತ್ತು? ಐದು ಇಪ್ಪತ್ಲಿ ನೂರು. ಪರೀಕ್ಷೆಯ ಹಿಂದಿನ ದಿನ ಈ ಉಪಾಯ ನಾನೇ ಹೇಳಿಕೊಟ್ಟದ್ದು. ಕೋನೀಯ ವೇಗ, ಗೀಗ ಎಂಬ ಸೂತ್ರಗಳೆಲ್ಲ ಬಾಯಿಪಾಠದ ಬಡಿವಾರ, ಸ್ವಂತ ಬುದ್ಧಿ ಉಪಯೋಗಿಸು ಎಂದು ಉಪದೇಶಿಸಿದ್ದೂ ನಾನೇ.

ಭಾನುವಾರ ಅತ್ತಿಗೆಯನ್ನು ಮನೆಗೆ ಕರೆಸಿದೆ. ಹಜಾರದ ನಡುವೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದ್ದೆ. ನೆಲಕ್ಕೆ ಗ್ರೀಸು ಬಿದ್ದರೆ ಒರೆಸುವವರು ಯಾರೆಂದು ಹೆಂಡತಿ ಕೇಳಿದಳು. ಸತ್ಯಶೋಧನೆಯ ಹೊತ್ತಿನಲ್ಲಿ ಇಂಥ ಕ್ಷುಲ್ಲಕ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ.

ಪೆಡಲು ತಿರುಗಿಸಿ ಸೆಕೆಂಡಿಗೆ ಎರಡು ಸುತ್ತು ಬರಿಸಿ, ಕೈಬಿಟ್ಟು, ಬ್ರೇಕನ್ನು ಸವರಿದಷ್ಟೇ ಹಿಡಿಯುವುದು. ನಿಲ್ಲಲು ಹತ್ತು ಸೆಕೆಂಡು ಹಿಡಿದರೆ ಇಪ್ಪತ್ತು ಸುತ್ತು ಬಂದೇ ಬರಬೇಕು. ಬ್ರೇಕು ಹೆಂಡತಿಯ ಕೈಯಲ್ಲಿ, ಗಡಿಯಾರ ಅತ್ತಿಗೆಯ ಕೈಯಲ್ಲಿ. ಎಣಿಸಬೇಕಾದ ಮಗಳ ಮುಖ ಬಿಳಿಚಿಕೊಂಡಿತ್ತು.

ಐದು, ಆರರವರೆಗೆ ನಾನು ಗೆಲುವಿನ ನಗೆಯಲ್ಲೇ ಇದ್ದೆ. ಎಂಟಕ್ಕೆ ಕೆಂಪು ಬಟ್ಟೆ ತೂಕಡಿಸತೊಡಗಿತು. ಒಂಬತ್ತಕ್ಕೆ ನಾನು ಚಕ್ರದ ಮೇಲೇ ಬಗ್ಗಿದೆ. ಹತ್ತು ಎಂದು ಮಗಳು ಪಿಸುಗುಟ್ಟಿದಳು. ಚಕ್ರ ನಿಂತಿತು. ಗಡಿಯಾರದಲ್ಲೂ ಹತ್ತೇ ಸೆಕೆಂಡು.

"ನೀನು ಬಿಗಿಯಾಗಿ ಒತ್ತಿದೆ," ಎಂದು ಹೆಂಡತಿಯ ಮೇಲೆ ಹಾರಿದೆ.

"ಹಾಗಾದ್ರೆ ನೀವೇ ಹಿಡ್ಕೊಳ್ಳಿ."

ಹಿಡಿದೆ, ಬೆಕ್ಕಿನಮರಿಯನ್ನು ಹಿಡಿದ ಹಾಗೆ. ಸುತ್ತೇನೋ ಹೆಚ್ಚಾಯಿತು, ಆದರೆ ಹಾಳು ಸಮಯವೂ ಹೆಚ್ಚಾಯಿತು. ನನ್ನ ಲೆಕ್ಕದ ಅರ್ಧಕ್ಕೇ ಮತ್ತೆ ನಿಂತಿತು.

"ಶುರುವಲ್ಲಿದ್ದ ವೇಗ ಕೊನೇವರೆಗೂ ಎಲ್ಲಿರುತ್ತೆ?" ಎಂದರು ಅತ್ತಿಗೆ. "ಐದರಿಂದ ಸೊನ್ನೆಗೆ ಒಂದೇ ಸಮ ಇಳಿದ್ರೆ ಸರಾಸರಿ ಎರಡೂವರೆ. ಉತ್ತರ ಐವತ್ತು."

"ನಾನು ಮೊದ್ಲು ಐವತ್ತೇ ಬರ್ದಿದ್ದೆ," ಎಂದಳು ಮಗಳು, ಚಕ್ರವನ್ನೇ ನೋಡುತ್ತ. "ಆಮೇಲೆ ಅಪ್ಪ ಹೇಳಿದ್ದು ನೆನಪಾಯ್ತು. ಹೊಡೆದುಹಾಕಿ ನೂರು ಅಂತ ಬರ್ದೆ."

ನಾನು ದನಿ ತಗ್ಗಿಸಿ, ಹೊಡೆದುಹಾಕಿದ ಉತ್ತರಕ್ಕೂ ಒಂದೆರಡು ಅಂಕ ಕೊಡುವ ಪದ್ಧತಿ ಎಲ್ಲಾದರೂ ಇದೆಯೇ ಎಂದು ವಿಚಾರಿಸಿದೆ.

"ಮಾರ್ಕಿಗೋಸ್ಕರ ಟೀಚರ ಮನೆ ಬಾಗಿಲು ಕಾಯೋ ಅಪ್ಪಂದಿರಿಗೆ ಮಾನ ಇಲ್ಲ ಅಂತ ಹೋದ ವಾರ ತಾನೇ ಬರ್ದಿರಿ," ಎಂದಳು ಹೆಂಡತಿ.

ಬರೆದಿದ್ದೆ. ಈಗಲೂ ಅದೇ ನನ್ನ ಅಭಿಪ್ರಾಯ. (ನಾನು ಬಾಗಿಲು ಕಾದಿರಲಿಲ್ಲ, ಟೀಚರನ್ನೇ ನಮ್ಮ ಬಾಗಿಲಿಗೆ ಕರೆಸಿಕೊಂಡಿದ್ದೆ. ಇದು ಇನ್ನೂ ಹೊಲಸು.) ನೆಲದ ಗ್ರೀಸು ಒರೆಸಿದೆ. ಫೇಲಾದವರಿಗೆಲ್ಲ ಇರುವ ಮರುಪರೀಕ್ಷೆಯೇ ಇವಳಿಗೂ ಎಂದು ಹೇಳಿ ಅತ್ತಿಗೆ ಹೊರಟರು.

ಮರುಪರೀಕ್ಷೆಯ ಫಲಿತಾಂಶದ ದಿನ ನಾನು ಗೇಟಿನಲ್ಲೇ ನಿಂತಿದ್ದೆ. ಮಗಳು ನಗುತ್ತ ಬಂದಳು. ಪಾಸು.

"ಅಂಥದ್ದೇ ಲೆಕ್ಕ ಬಂದಿತ್ತು ಅಪ್ಪ. ಬರೆಯೋವಾಗ ನಿಮ್ಮ ಮಾತೂ ನೆನಪಾಯ್ತು."

ನನ್ನ ಎದೆ ಉಬ್ಬಿತು.

"ಈ ಸಲ ಅದನ್ನ ಹೊಡೆದುಹಾಕಿದೆ."