ನುಂಗುವುದಕ್ಕೊಬ್ಬ ಸಾಕ್ಷಿ

ಇಡೀ ಜಯನಗರದಲ್ಲಿ ಅತಿ ಹೆಚ್ಚು ಜನರಿಗೆ ನಾಲಗೆ ತೋರಿಸಿದವರು ಯಾರೆಂದು ಕೇಳಿ ನೋಡಿ, ನಮ್ಮ ದೊಡ್ಡಪ್ಪ ಎಂದು ಎದೆ ತಟ್ಟಿ ಹೇಳುತ್ತೇನೆ. ಅಂಚೆಯವನು, ಹಾಲಿನವನು, ಕರೆಂಟಿನ ಮೀಟರ್ ನೋಡಲು ಬಂದವನು, ಯಾರೂ ತಪ್ಪಿಸಿಕೊಂಡಿಲ್ಲ!

ಅರವತ್ತರ ದಶಕದ ಮಾತು. ಸರ್ವೆ ಇಲಾಖೆಯಿಂದ ನಿವೃತ್ತರಾದ ದೊಡ್ಡಪ್ಪ ಮದುವೆಯಾಗದೆ, ನಮ್ಮ ಗೇಟಿನ ಪಕ್ಕದ ಔಟ್‌ಹೌಸಿನಲ್ಲಿ ಒಬ್ಬರೇ ಇದ್ದರು. ಅವರಿಗೆ ಕ್ಷಯ ಬಂತು. ಶ್ವಾಸಕೋಶದಲ್ಲಿ ಕಲೆ ಕಟ್ಟಿದೆ, ಒಂದೂವರೆ ವರ್ಷ ದಿನಾ ಒಂದು ಹಿಡಿ ಬಿಲ್ಲೆ ನುಂಗಬೇಕು, ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ರೋಗ ಮರಳಿ ಬಂದು ಯಾವ ಔಷಧಿಗೂ ಬಗ್ಗುವುದಿಲ್ಲ ಎಂದರು ಡಾಕ್ಟರು. ನುಂಗುವಾಗ ಯಾರಾದರೂ ಎದುರಿಗೆ ನಿಂತು ನೋಡಲಿ ಎಂದೂ ಸೇರಿಸಿದರು. ಅಷ್ಟೇ ಸಾಕಾಯಿತು! ಸಾಕ್ಷಿಯಿಲ್ಲದೆ ಒಂದು ಗಡಿಕಲ್ಲನ್ನೂ ನೆಡಿಸದ ಮನುಷ್ಯ ಸಾಕ್ಷಿಯಿಲ್ಲದೆ ಬಿಲ್ಲೆ ನುಂಗುತ್ತಾರೆಯೇ?

ಆದರೆ ಕ್ಷಯವೆಂದರೆ ಜನ ಬೀದಿಯ ಆಚೆ ಬದಿ ಹಿಡಿಯುತ್ತಿದ್ದ ಕಾಲ ಅದು. ಅಮ್ಮನೂ ಊಟದ ತಟ್ಟೆಯನ್ನು ಹೊಸಿಲ ಮೇಲಿಟ್ಟು ಸರಿದುಬಿಡುತ್ತಿದ್ದಳು. ಯಾರಿಗೂ ಮುಜುಗರವಾಗಬಾರದೆಂದು ದೊಡ್ಡಪ್ಪ ತಾವೇ ಟೇಪು ಹಿಡಿದು, ತಮ್ಮ ಮೆಟ್ಟಿಲಿನಿಂದ ಸರಿಯಾಗಿ ಹತ್ತಡಿಗೆ ಸುಣ್ಣದ ಗೆರೆ ಎಳೆದರು. ಸಾಕ್ಷಿಗಳು ಅದರಾಚೆ! ಮಳೆಗೆ ಅಳಿಸಿದರೆ ಮತ್ತೆ ಅಳತೆ.

ಸಾಕ್ಷಿಗಳಲ್ಲಿ ಕಟ್ಟುನಿಟ್ಟಿನವಳೆಂದರೆ ಜರಗನಹಳ್ಳಿಯಿಂದ ಸೊಪ್ಪು ಹೊತ್ತು ಬರುತ್ತಿದ್ದ ನಂಜಮ್ಮ. ಬುಟ್ಟಿ ಇಳಿಸಿ, ಕಣ್ಣು ಕಿರಿದು ಮಾಡಿ, "ಸಾಮಿ, ಒಂದು ಒಳ್ಗೇ ಐತೆ, ನಾಲ್ಗೆ ಎತ್ತಿ" ಅನ್ನುತ್ತಿದ್ದಳು. ದೊಡ್ಡಪ್ಪ ಎತ್ತುತ್ತಿದ್ದರು.

ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಗೇಟು ದಾಟುತ್ತಿದ್ದ ಹುಡುಗನನ್ನು ದೊಡ್ಡಪ್ಪ ತಡೆದು, ಗೆರೆಯ ಬಳಿ ನಿಲ್ಲಿಸಿ, ಒಂದು ಹಿಡಿ ಬಿಲ್ಲೆ ನುಂಗಿ ನಾಲಗೆ ಚಾಚಿದರು. ಬಂದವರು ಕಾಫಿಯನ್ನೂ ಕುಡಿಯದೆ ಹೊರಟರು! ಅಮ್ಮ ಅತ್ತಳು. ದೊಡ್ಡಪ್ಪ ನನಗೆ ಹೇಳಿದ್ದಿಷ್ಟೇ: "ಹೋಗ್ಲಿ ಬಿಡಮ್ಮ. ಹತ್ತಡಿ ದೂರದಲ್ಲಿ ನಿಲ್ಲಕ್ಕಾಗ್ದೋನು ಜೊತೇಲೇನು ನಿಲ್ತಾನೆ?"

ಆಮೇಲೊಂದು ದಿನ ಜಡಿಮಳೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ನಾನು ಕಾಲೇಜಿನಿಂದ ಬಂದಾಗ ಸಂಜೆ ನಾಲ್ಕು. ದೊಡ್ಡಪ್ಪ ಇನ್ನೂ ಬಾಗಿಲಲ್ಲೇ ಕೂತಿದ್ದರು. ಬಿಲ್ಲೆಗಳು ಅಂಗೈಯಲ್ಲೇ ಕರಗಿ ಹಿಟ್ಟಾಗಿದ್ದವು. ಕೂಗಬಾರದಿತ್ತೇ ಎಂದೆ.

"ಕೂಗಿದ್ರೆ ಕೆಮ್ಮು ಬರತ್ತಮ್ಮ. ಕೆಮ್ಮಿದ್ರೆ ಯಾರು ಬರ್ತಾರೆ?"

ಮರುದಿನದಿಂದ ಬೆಳಗಿನ ಏಳು ಗಂಟೆಯ ಸಾಕ್ಷಿ ನಾನೇ ಆದೆ. ಗೆರೆಯಾಚೆಯೇ.

ಒಂದೂವರೆ ವರ್ಷ ಮುಗಿಯಿತು. ರೋಗ ಹೋಗಿದೆ, ಕಲೆ ಮಾತ್ರ ಉಳಿಯುತ್ತದೆ, ಇನ್ನು ಬಿಲ್ಲೆ ಬೇಡ ಎಂದರು ಡಾಕ್ಟರು. ಅಮ್ಮ ಪಾಯಸ ಮಾಡಿ ಹೊಸಿಲ ಮೇಲಿಟ್ಟು ಬಂದಳು.

ಮರುದಿನ ಏಳಕ್ಕೆ ಕಿಟಕಿಯಿಂದ ನೋಡುತ್ತೇನೆ, ದೊಡ್ಡಪ್ಪ ನೀರಿನ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾರೆ! ಹೋಗಿ ಗೆರೆಯ ಬಳಿ ನಿಂತೆ. ಅವರು ಬರಿಯ ಅಂಗೈಯನ್ನು ಬಾಯಿಗೆ ಎತ್ತಿದರು, ನೀರು ಕುಡಿದರು, ನಾಲಗೆ ತೋರಿಸಿದರು.

ನಾನು ಗೆರೆ ದಾಟಿ ಅವರ ಪಕ್ಕದಲ್ಲಿ ಕೂತೆ. "ಒಂದು ಒಳಗೇ ಇದೆ ದೊಡ್ಡಪ್ಪ, ನಾಲಗೆ ಎತ್ತಿ" ಎಂದೆ.

ಅವರು ಎತ್ತಿದರು.