ಹೆಣ್ಣು ನೋಡಲು ಹೋದ ಕಾರು

ತಿರುಮೂರ್ತಿಯ ಮದುವೆ ನಿಂತಿದ್ದು ಜಾತಕದಿಂದಲ್ಲ, ಈರುಳ್ಳಿ ವಾಸನೆಯಿಂದ. ಕೊಯಮತ್ತೂರು ಬಳಿಯ ತೊಂಡಾಮುತ್ತೂರಿನಲ್ಲಿ ಅವನಿಗೊಂದು ಹನಿ ನೀರಾವರಿ ಪೈಪಿನ ಅಂಗಡಿ, ಅದರ ಹಿಂದೆ ಸಣ್ಣ ಈರುಳ್ಳಿ ಬೆಳೆಯುವ ತೋಟ. ಹೆಣ್ಣು ನೋಡಲು ಎಲ್ಲಿಗೆ ಹೋದರೂ ಈರುಳ್ಳಿ ಸಾಗಿಸುವ ತನ್ನ ಪುಟ್ಟ ಲೋಡ್ ವ್ಯಾನಿನಲ್ಲೇ ಹೋಗುತ್ತಿದ್ದ. ಹೆಣ್ಣಿನ ಕಡೆಯವರು ಮೊದಲು ವ್ಯಾನ್ ನೋಡುತ್ತಿದ್ದರು, ಆಮೇಲೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ಹುಡುಗನನ್ನು ನೋಡುವ ಸರದಿ ಬರುವಷ್ಟರಲ್ಲಿ ಕಾಫಿ ಆರಿಹೋಗಿರುತ್ತಿತ್ತು.

“ತಂಬಿ, ನಿಮ್ಮಲ್ಲಿ ಒಂದು ಕೊರತೆಯೂ ಇಲ್ಲ,” ಎಂದಿದ್ದ ಮದುವೆ ದಲ್ಲಾಳಿ ದೀನದಯಾಳನ್. “ಆದ್ರೆ ಈಗ ಮನೆ ಬಾಗಿಲಲ್ಲಿ ಏನು ನಿಂತೈತೆ ಅಂತ ನೋಡೋ ಕಾಲ. ವಂಡಿ ಒಂದು ಬದಲಾಯ್ಸಿ, ಆಮೇಲೆ ನೋಡಿ!”

ಮೂವತ್ತೇಳು ದಾಟಿದ ಬ್ರಹ್ಮಚಾರಿಗೆ ಯಾರು ಏನು ಹೇಳಿದರೂ ಕಷಾಯದಂತೆ ಗಟಗಟನೆ ಇಳಿದುಬಿಡುತ್ತದೆ. ತಿರುಮೂರ್ತಿ ನೇರ ಅವಿನಾಶಿ ರಸ್ತೆಯ ಶೋರೂಮಿಗೆ ಹೋದ. ಅಲ್ಲಿ ಕೊರಳಿಗೆ ಟೈ ಬಿಗಿದುಕೊಂಡ ಒಬ್ಬ ಯುವಕ ಅವನನ್ನು ‘ಮಿಡ್‌ಸೈಜ್ ಲಕ್ಷುರಿ ಸೆಡಾನ್’ ಎಂಬ ದೇವರ ಮುಂದೆ ನಿಲ್ಲಿಸಿದ. ಗಾತ್ರ ಮಾತ್ರ ಮಧ್ಯಮ, ಕಂತು ಪೂರ್ತಿ ದೊಡ್ಡದು. ಸೀಟು ತಾನೇ ಬೆನ್ನು ಒತ್ತುತ್ತದಂತೆ. ಕೂತವರ ಅಡಿಯಿಂದ ತಣ್ಣನೆ ಗಾಳಿ ಬೀಸುತ್ತದಂತೆ. ಬಾಗಿಲು ಹೊಸ ಸೊಸೆಯಂತೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದಂತೆ. ನೆತ್ತಿಯ ಮೇಲೆ ಗಾಜಿನ ಚಾವಣಿ. ಗುಂಡಿ ಒತ್ತಿದರೆ ಆಕಾಶವೇ ನಿಮ್ಮದು. ಮಳೆ ಬಂದರೆ ಅದೂ ನಿಮ್ಮದೇ.

“ಮೈಲೇಜು ಎಷ್ಟು ಕೊಡುತ್ತೆ?” ಎಂದು ತಿರುಮೂರ್ತಿ ಕೇಳಿದ. ಗರ್ಭಗುಡಿಯೆದುರು ನಿಂತು ಪುಳಿಯೋಗರೆಗೆ ಎಷ್ಟು ಎಂದವನನ್ನು ನೋಡುವಂತೆ ಆ ಯುವಕ ಅವನನ್ನು ನೋಡಿದ. ತಿರುಮೂರ್ತಿಗೆ ನಾಚಿಕೆಯಾಯಿತು. ನಾಚಿಕೆಯಲ್ಲೇ ಸಹಿ ಹಾಕಿದ.

ಕಡುಗಪ್ಪು ಬಣ್ಣದ ಆ ಕಾರು ಬಂದು ತಿಂಗಳಾಗುವಷ್ಟರಲ್ಲಿ ದೀನದಯಾಳನ್ ಫೋನ್ ಮಾಡಿದ. “ಸಿರುಮುಗೈನಲ್ಲಿ ಆರುಚ್ಚಾಮಿ ಅಂತ ಅವ್ರೆ, ನಮ್ಮ ಕನ್ನಡದವ್ರೇ. ಮೊದ್ಲು ಬೇಸಾಯ, ಈಗ ರೇಷ್ಮೆ ಸೀರೆ ಯಾಪಾರ. ಮಗಳು ತೆನ್ಮೊಳಿ, ಎಂ.ಕಾಂ. ಓದವ್ಳೆ. ಭಾನುವಾರ ನೋಡ್ಬೇಕಂತೆ. ಹೊಸ ವಂಡೀಲೇ ಬನ್ನಿ, ಮನೇವ್ರನ್ನೂ ಕೂರಿಸ್ಕೊಂಡು ಬನ್ನಿ.”

ಭಾನುವಾರ ಬೆಳಗ್ಗೆ ತಿರುಮೂರ್ತಿ ಇಸ್ತ್ರಿ ಅಂಗಿ ತೊಟ್ಟು ಹೊರಗೆ ಬಂದಾಗ ಅವನ ತಾಯಿ ಸೆಲ್ಲಮ್ಮ ಕಾರಿಗೆ ಪೂಜೆ ಮುಗಿಸಿ ಆಗಿತ್ತು. ಪಕ್ಕದ ಮನೆಯ ಲಕ್ಷ್ಮಿಯಮ್ಮಾಳ್ ಕರೆಯದೆಯೇ ಬಂದು ಮೇಲ್ವಿಚಾರಣೆ ನಡೆಸುತ್ತಿದ್ದಳು. ನಾಲ್ಕು ಚಕ್ರದಡಿ ನಿಂಬೆಹಣ್ಣು. ಮುಂಭಾಗಕ್ಕೆ ಮೂರು ಪಟ್ಟೆ ವಿಭೂತಿ. ಪಟ್ಟೆಗಳ ಮಧ್ಯೆ, ಸರಿಯಾಗಿ ಕ್ಯಾಮೆರಾದ ಕಣ್ಣಿಗೇ, ದಪ್ಪನೆಯ ಕುಂಕುಮ.

“ಅಮ್ಮಾ, ಅದು ವಂಡಿ ಕಣ್ಣು!”

“ಕಣ್ಣಾದ್ರೇನು, ಹಣೆ ಆದ್ರೇನು? ಇಷ್ಟು ದುಡ್ಡು ಸುರಿದ ವಂಡಿಗೆ ದೃಷ್ಟಿ ಆಗ್ಬಾರ್ದು ತಾನೇ?” ಎಂದಳು ಲಕ್ಷ್ಮಿಯಮ್ಮಾಳ್. ಹಾಗೆಂದವಳೇ ಹಿಂದಿನ ಬಾಗಿಲು ತೆಗೆದು ಒಳಗೆ ಕೂತೂಬಿಟ್ಟಳು. “ನಾನೂ ಬರ್ತೀನಿ. ಒಂದು ಮದ್ವೆ ಮಾತಿಗೆ ಸುಮಂಗಲಿ ಬೇಕಲ್ಲ.”

ಸೆಲ್ಲಮ್ಮ ಪಕ್ಕದಲ್ಲಿ ಕೂತಳು. ಮುಂದಿನ ಸೀಟು ಸೋದರಮಾವ ಕುಪ್ಪುಸಾಮಿಯದು. ಅವರು ಅನ್ನೂರಿನಿಂದ ಟೌನ್ ಬಸ್ಸಿನಲ್ಲಿ ಬಂದಿದ್ದರು. ಬಸ್ಸಿನಲ್ಲಿ ಕೂತ ಅಭ್ಯಾಸಕ್ಕೆ ಇಲ್ಲೂ ತಲೆಯ ಮೇಲೆ ಹಿಡಿದುಕೊಳ್ಳಲು ಕಂಬಿ ಹುಡುಕಿದರು. ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು.

ಕಾರು ಹೊರಟಿದ್ದೇ ತಡ, ಒಳಗಿನಿಂದ ಒಂದು ಹೆಣ್ಣು ದನಿ ಇಂಗ್ಲಿಷಿನಲ್ಲಿ ಏನೋ ದೂರಿಕೊಳ್ಳತೊಡಗಿತು. ಜೊತೆಗೆ ಪೀಂ ಪೀಂ.

“ಯಾರಪ್ಪ ಈ ಪೊಣ್ಣು? ಏನಂತೆ ಅವಳಿಗೆ?” ಎಂದರು ಮಾವ.

“ಕ್ಯಾಮೆರಾ ಮುಚ್ಚಿಕೊಂಡೈತಂತೆ ಮಾಮ. ದಾರಿ ಕಾಣ್ತಿಲ್ಲ ಅಂತವ್ಳೆ.”

“ಅವಳಿಗ್ಯಾಕೆ ಕಾಣ್ಬೇಕು? ಓಡಿಸ್ತಿರೋನು ನೀನು. ಸುಮ್ನೆ ಇರಮ್ಮ!” ಎಂದು ಮಾವ ಡ್ಯಾಶ್‌ಬೋರ್ಡಿಗೆ ಗದರಿದರು. ಅವಳು ಸುಮ್ಮನಾಗಲಿಲ್ಲ. ಕುಂಕುಮ ಒರೆಸಲೆಂದು ತಿರುಮೂರ್ತಿ ಕಾರು ನಿಲ್ಲಿಸಿದರೆ ಹಿಂದಿನಿಂದ ಇಬ್ಬರು ಹೆಂಗಸರೂ ಒಟ್ಟಿಗೆ “ಅಪಶಕುನ!” ಎಂದರು. ಪೀಂ ಪೀಂ ಕೊಯಮತ್ತೂರು ದಾಟಿಯೂ ಮುಂದುವರಿಯಿತು. ಶೋರೂಮಿನ ಯುವಕ ಈ ಕಾರಿನ ಮುಖ್ಯ ಆಕರ್ಷಣೆ ಒಳಗಿನ ನಿಶ್ಶಬ್ದ ಎಂದಿದ್ದ.

ಮೇಟ್ಟುಪಾಳಯಂ ರಸ್ತೆಗೆ ತಿರುಗಿದ ಮೇಲೆ ಸೆಲ್ಲಮ್ಮ ಇದ್ದಕ್ಕಿದ್ದಂತೆ ಕಿರುಚಿದಳು.

“ಅಯ್ಯೋ ಸಾಮಿ! ಇಲಿ! ಸೀಟೊಳಗೆ ಇಲಿ ಐತೆ! ಬೆನ್ನಿನ ಮೇಲೆ ಓಡಾಡ್ತಾ ಐತೆ!”

“ಇಲಿ ಅಲ್ಲಮ್ಮ, ಮಸಾಜು! ಮಾಮ ಏನೋ ಒತ್ತಿದಾರೆ—”

ಅವನ ಮಾತು ಮುಗಿಯುವ ಮೊದಲೇ ಲಕ್ಷ್ಮಿಯಮ್ಮಾಳ್ ಛತ್ರಿ ತೆಗೆದು ಬಾರಿಸಿದಳು. ಮೊದಲ ಏಟು ಬೆಣ್ಣೆಯಂಥ ಚರ್ಮದ ಸೀಟಿಗೆ, ಎರಡನೆಯದು ಸೆಲ್ಲಮ್ಮನ ಭುಜಕ್ಕೆ, ಮೂರನೆಯದು ಎಲ್ಲಿಗೆ ಬಿತ್ತೋ, ಕಾರಿನೊಳಗೆ ಅರವತ್ತು ಬಣ್ಣದ ದೀಪಗಳು ಒಮ್ಮೆಲೇ ಹತ್ತಿಕೊಂಡವು. ಇಲಿ ಸಿಗಲಿಲ್ಲ. ಹೊಚ್ಚ ಹೊಸ ಚರ್ಮದಲ್ಲಿ ಛತ್ರಿಯ ತುದಿಯಷ್ಟು ಅಗಲದ ತೂತೊಂದು ಸಿಕ್ಕಿತು. ತಿರುಮೂರ್ತಿಗೆ ಅದು ತನ್ನ ಎದೆಯಲ್ಲೇ ಆದಂತಾಯಿತು.

“ಹೋಗ್ಲಿ ಬಿಡು, ಮೇಲೊಂದು ಟವಲ್ ಹಾಸಿದ್ರಾಯ್ತು,” ಎಂದಳು ಲಕ್ಷ್ಮಿಯಮ್ಮಾಳ್. ಲಕ್ಷುರಿಯ ಕತೆ ಕೊನೆಗೆ ಎಲ್ಲೆಡೆಯೂ ಟವಲ್ಲಿಗೇ ಬಂದು ನಿಲ್ಲುತ್ತದೆ.

ಕಾರಮಡೈ ಹತ್ತಿರ ಬಂದಾಗ ಪರದೆಯ ಮೇಲೆ ಹೊಗೆಯಾಡುವ ಕಪ್ಪಿನ ಚಿತ್ರ ಮೂಡಿತು. ಚಾಲಕ ದಣಿದಿದ್ದಾನೆ, ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಅದರ ಅರ್ಥ. “ನೋಡು, ವಂಡಿಗಿರೋ ಬುದ್ಧಿ ನಿನಗಿಲ್ಲ. ಕಾಫಿ ಕುಡ್ಸು ಅಂತ ಅದೇ ಹೇಳ್ತೈತೆ!” ಎಂದರು ಮಾವ. ಕಾಫಿಗೆಂದು ನಿಲ್ಲಿಸಿದವರು ವಡೆಯನ್ನೂ ಪೊಟ್ಟಣ ಕಟ್ಟಿಸಿಕೊಂಡು ಬಂದರು. ವಡೆಯ ಎಣ್ಣೆ ಸೀಟಿಗೆ ಇಳಿಯಿತು. ಎಣ್ಣೆ ವಾಸನೆ ಹೋಗಲೆಂದು ತಿರುಮೂರ್ತಿಯೇ ಚಾವಣಿ ತೆರೆದ. ಮುಂದೆ ಹೋಗುತ್ತಿದ್ದ ಟ್ರಾಕ್ಟರಿನಲ್ಲಿ ಜೋಳದ ಒಣ ಮೇವು ಪರ್ವತದಂತೆ ಪೇರಿಸಿತ್ತು. ರಸ್ತೆಯ ಉಬ್ಬು ಬಂತು, ಪರ್ವತ ಕುಲುಕಿತು, ಆಕಾಶದ ಜೊತೆಗೆ ಅರ್ಧ ಹೊರೆ ಮೇವೂ ಅವನದಾಯಿತು.

ಬಟ್ಟೆ ಕೊಡವಿಕೊಂಡರು. ಎಣ್ಣೆ ಹಚ್ಚಿ ಬಾಚಿದ ತಿರುಮೂರ್ತಿಯ ತಲೆಯಲ್ಲಿ ಮಾತ್ರ ಮೇವು ಗೂಡಿನಂತೆ ಕಚ್ಚಿಕೊಂಡಿತು. ಹೊತ್ತಾಗಿತ್ತು. ಹಾಗೇ ಸಿರುಮುಗೈ ಸೇರಿದ.

ಆರುಚ್ಚಾಮಿ ಇಡೀ ಕುಟುಂಬದೊಂದಿಗೆ ಅಂಗಳದಲ್ಲೇ ಕಾಯುತ್ತಿದ್ದರು. ತಿರುಮೂರ್ತಿ ತಲೆ ತುಂಬ ಮೇವಿಟ್ಟುಕೊಂಡು ಕೈ ಮುಗಿದ. ಯಾರೂ ನಗಲಿಲ್ಲ. ಯಾರೂ ಅವನ ತಲೆಯನ್ನು ನೋಡಿಯೇ ಇರಲಿಲ್ಲ. ಎಲ್ಲರ ಕಣ್ಣೂ ಅವನನ್ನು ದಾಟಿ ಕಾರಿನ ಮೇಲೆ ನೆಟ್ಟಿತ್ತು. ಜೀವನದಲ್ಲಿ ಮೊದಲ ಸಲ, ಮೂಗು ಮುಚ್ಚಿಕೊಳ್ಳದ ಹೆಣ್ಣಿನ ಮನೆ!

“ಬನ್ನಿ ಬನ್ನಿ, ಬಿಸಿಲಲ್ಲಿ ಯಾಕೆ ನಿಲ್ಲಿಸಿದ್ರಿ, ನೆರಳಿಗೆ ಬನ್ನಿ,” ಎಂದು ಆರುಚ್ಚಾಮಿ ಉಪಚರಿಸಿದರು. ತಿರುಮೂರ್ತಿ ನೆರಳಿಗೆ ಸರಿದ. “ನೀವಲ್ಲ ತಂಬಿ, ವಂಡಿ.”

ಕೇಸರಿಬಾತು, ಬಜ್ಜಿ ಬಂತು. ಪ್ರಶ್ನೆಗಳೂ ಬಂದವು. ಇಷ್ಟು ವರ್ಷ ಅವನನ್ನು ಯಾರೂ ಇಷ್ಟು ಆಸಕ್ತಿಯಿಂದ ವಿಚಾರಿಸಿರಲಿಲ್ಲ.

“ಹಿಂದೆ ಕೂತ್ರೆ ಮಂಡಿ ತಾಗುತ್ತಾ?”

“ಇಲ್ಲ ಇಲ್ಲಿಂಗ, ಕಾಲು ನೀಡ್ಕೊಂಡು ಕೂರಬೋದು.”

“ಡಿಕ್ಕೀಲಿ ದೊಡ್ಡ ಪೆಟ್ಟಿಗೆ ಎಷ್ಟು ಹಿಡಿಯುತ್ತೆ? ಉಬ್ಬು ಹತ್ತಿದ್ರೆ ಅಡಿ ತಾಗುತ್ತಾ? ಸರ್ವೀಸು ಕೊಯಮತ್ತೂರಲ್ಲೇ ಆಗುತ್ತಾ?”

ಮಗಳ ಸುಖದ ಬಗ್ಗೆ ಎಂಥ ಕಾಳಜಿ, ಎಂದುಕೊಂಡ ತಿರುಮೂರ್ತಿ. ಒಂದೊಂದಕ್ಕೂ ಪರೀಕ್ಷೆಗೆ ಕೂತವನಂತೆ ಉತ್ತರಿಸಿದ. ಮೈಲೇಜನ್ನು ಕೇಳಿದಾಗ, ಶೋರೂಮಿನ ಯುವಕನಿಂದ ಕಲಿತ ನೋಟವನ್ನೇ ಆರುಚ್ಚಾಮಿಯ ಕಡೆ ಬೀರಿದ. ಅವರು ಗೌರವದಿಂದ ತಲೆದೂಗಿದರು.

“ಹುಡುಗ ಎಷ್ಟು ತೆಳಿವಾಗಿ, ಬಿಡಿಸಿ ಬಿಡಿಸಿ ಮಾತಾಡ್ತಾನೆ!” ಎಂದಳು ಹುಡುಗಿಯ ತಾಯಿ. ಸೆಲ್ಲಮ್ಮನ ಕಣ್ಣು ಒದ್ದೆಯಾಯಿತು. ಮಾವ ಮತ್ತೊಂದು ಬಜ್ಜಿ ತೆಗೆದುಕೊಂಡರು.

“ಒಂದು ರೌಂಡು ಹೋಗಿ ಬರೋಣ್ವಾ?” ಎಂದರು ಆರುಚ್ಚಾಮಿ. “ತೆನ್ಮೊಳಿ ಹಿಂದೆ ಕೂರ್ಲಿ. ಅವಳು ಹಿಂದೇನೇ ಕೂರೋದು.”

ತೆನ್ಮೊಳಿ ಬಂದಳು. ಗಿಣಿಹಸಿರು ಸೀರೆ, ಕಿವಿಯಲ್ಲಿ ಸಣ್ಣ ಲೋಲಾಕು. ಅವಳು ಬಾಗಿಲನ್ನು ಒಂದೇ ಬೆರಳಿನಲ್ಲಿ ತಳ್ಳಿದಳು. ಅದು ಉಸಿರು ಬಿಟ್ಟಂತೆ ಮುಚ್ಚಿಕೊಂಡಿತು. ಟವಲಿನ ಮೇಲೆ ಕೂತು, ಹಿಂದಕ್ಕೊರಗಿ, ಕಣ್ಣು ಮುಚ್ಚಿ, “ಎಷ್ಟು ಹಾಯಾಗಿದೆ!” ಎಂದಳು. ಕನ್ನಡಿಯಲ್ಲಿ ಅದನ್ನು ಕಂಡ ತಿರುಮೂರ್ತಿ ಭವಾನಿ ನದಿಯ ಸೇತುವೆಯನ್ನು ಹೇಗೆ ದಾಟಿದನೋ ಅವನಿಗೇ ಗೊತ್ತಿಲ್ಲ.

ಮರಳಿ ಬಂದು ಆರುಚ್ಚಾಮಿ ಇಳಿದು ಮುಂದೆ ಹೋದರು. ಇಬ್ಬರೇ ಉಳಿದ ಆ ಗಳಿಗೆಯಲ್ಲಿ ತಿರುಮೂರ್ತಿ ಧೈರ್ಯ ಮಾಡಿದ.

“ನಿಮಗೆ... ಇಷ್ಟ ಆಯ್ತಾ?”

“ತುಂಬಾ. ಅಪ್ಪನಿಗೂ ಹೇಳ್ತೀನಿ. ಬಣ್ಣ ಮಾತ್ರ... ಇಷ್ಟು ಕಪ್ಪು ಬೇಡ ಅನ್ಸುತ್ತೆ.”

ತಿರುಮೂರ್ತಿ ಸ್ಟಿಯರಿಂಗ್ ಮೇಲಿದ್ದ ತನ್ನ ಕೈ ನೋಡಿಕೊಂಡ. “ಮುಂಚೆ ಹೀಗಿರ್ಲಿಲ್ಲಿಂಗ. ಬಿಸಿಲಲ್ಲಿ ನಿಂತು ನಿಂತು ಹೀಗಾಗೋಯ್ತು.”

“ತಗೊಂಡು ಒಂದು ತಿಂಗಳಲ್ಲೇನಾ?” ಎಂದು ಅವಳು ಬೆರಗಾದಳು.

ಈ ಮಾತು ಅವನಿಗೆ ಸರಿಯಾಗಿ ಅರ್ಥವಾಗಲಿಲ್ಲ. ಸಂತೋಷದಲ್ಲಿದ್ದವನು ಎಲ್ಲವನ್ನೂ ಅರ್ಥ ಮಾಡಿಕೊಳ್ಳಬೇಕೆಂದೇನೂ ಇಲ್ಲವಲ್ಲ.

ಒಳಗೆ ಕುಪ್ಪುಸಾಮಿ ಗಂಟಲು ಸರಿಮಾಡಿಕೊಂಡು ನೇರವಾಗಿ ಕೇಳಿಯೇಬಿಟ್ಟರು. “ಎಲ್ಲ ಒಪ್ಪಿಗೆ ಆದಂಗೆ ಕಾಣುತ್ತೆ. ಹಂಗಾದ್ರೆ ತಾಂಬೂಲ ಬದಲಾಯಿಸ್ಕೊಳ್ಳೋ ದಿನ ನೋಡೋಣ್ವಾ?”

ಆರುಚ್ಚಾಮಿ ಕಾಫಿ ಲೋಟ ಕೆಳಗಿಟ್ಟರು. “ಯಾರ ತಾಂಬೂಲ?”

“ನಮ್ಮ ತಿರುಮೂರ್ತಿದು. ನಿಮ್ಮ ಪೊಣ್ಣಿಂದು.”

ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

“ಅಯ್ಯಯ್ಯೋ, ದೀನದಯಾಳನ್ ನಿಮಗೆ ಹೇಳಿಲ್ವಾ?” ಎಂದರು ಆರುಚ್ಚಾಮಿ. “ತೆನ್ಮೊಳಿಗೆ ಉಡುಮಲೈಪೇಟೆ ಹುಡುಗ ನಿಶ್ಚಯ ಆಗೈತೆ. ಹಲ್ಲು ಡಾಕ್ಟರು. ತುಂಬಾ ಒಳ್ಳೆ ಜನ, ಬಾಯಿ ಬಿಟ್ಟು ಏನೂ ಕೇಳ್ಲಿಲ್ಲ. ‘ನಮಗೇನೂ ಬೇಡ, ನಿಮ್ಮ ಮಗಳು ಓಡಾಡೋಕೆ ಈ ವಂಡಿ ಕೊಡ್ಸಿದ್ರೆ ಅವಳಿಗೇ ಸುಖ’ ಅಂದ್ರು, ಅಷ್ಟೇ. ಶೋರೂಮಲ್ಲಿ ಒಂದು ಸುತ್ತು ಹಾಕ್ಸಿ ಇಳಿಸ್ಬಿಡ್ತಾರೆ. ಸಂಸಾರಸ್ಥರು ನಾಲ್ಕು ಜನ ಕೂತು ಬಂದ್ರೆ ವಂಡಿ ಹೆಂಗಿರುತ್ತೆ ಅಂತ ನೋಡ್ದೆ ಹೆಂಗೆ ತಗೊಳ್ಳೋದು ಹೇಳಿ? ಅದಕ್ಕೇ ದೀನದಯಾಳನ್‌ಗೆ ಹೇಳಿದ್ದು, ನಿಮ್ಮೋರಲ್ಲಿ ಯಾರ ಹತ್ರ ಆದ್ರೂ ಇದ್ರೆ ಕರ್ಕೊಂಡು ಬಾ ಅಂತ.”

ಹುಡುಗಿಯ ತಾಯಿ ಸಮಾಧಾನಕ್ಕೆಂದು ಸೇರಿಸಿದಳು: “ನೀವು ಹೇಳಿದ್ದೆಲ್ಲ ತುಂಬಾ ಉಪಯೋಗ ಆಯ್ತು ತಂಬಿ. ಬಿಳೀದೇ ತಗೊಳ್ತೀವಿ.”

ಬಾಗಿಲ ಬಳಿ ತೆನ್ಮೊಳಿ ನಿಂತಿದ್ದಳು. ಅವಳ ಮುಖ ಕೆಂಪಾಗಿತ್ತು. ಈಗ ಮೊದಲ ಬಾರಿಗೆ ಅವಳು ತಿರುಮೂರ್ತಿಯನ್ನು ಪೂರ್ತಿಯಾಗಿ ನೋಡಿದಳು. “ನಿಮ್ಮ ತಲೆಯಲ್ಲಿ... ಏನೋ ಇದೆ,” ಎಂದಳು ಮೆಲ್ಲಗೆ.

ಹಿಂದಿರುಗುವ ದಾರಿಯಲ್ಲಿ ಕಾರಿನೊಳಗೆ ಕಂಪನಿಯವರು ಮಾತು ಕೊಟ್ಟಿದ್ದ ನಿಶ್ಶಬ್ದ ಕೊನೆಗೂ ನೆಲೆಸಿತು. ಪೀಂ ಪೀಂ ಕೂಡ ಯಾವಾಗಲೋ ನಿಂತಿತ್ತು. ಆರುಚ್ಚಾಮಿಯ ಮನೆಯವರು ಒಳ್ಳೆಯ ಜನ, ಕಾರನ್ನು ಮುಟ್ಟಿ ಮುಟ್ಟಿ ನೋಡುವಾಗ ಕುಂಕುಮವನ್ನೂ ಒರೆಸಿದ್ದರು. ಸೆಲ್ಲಮ್ಮ ಮುಂದಕ್ಕೆ ಬಾಗಿ ಮಗನ ತಲೆಯಿಂದ ಮೇವಿನ ಎಸಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ತಿರುಮೂರ್ತಿ ಬೇಡವೆನ್ನಲಿಲ್ಲ. ಬೆಳಗ್ಗೆ ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತು ಬಾಚಿಕೊಂಡಿದ್ದೆ ಎಂಬುದೊಂದೇ ಅವನ ಮನಸ್ಸಿನಲ್ಲಿತ್ತು.

ಕಾರಮಡೈ ದಾಟುವಾಗ ಫೋನ್ ಬಂತು. ಲಕ್ಷುರಿ ಕಾರಿನಲ್ಲಿ ಫೋನು ಕಿವಿಗಷ್ಟೇ ಬರುವುದಿಲ್ಲ. ಎಲ್ಲ ಸ್ಪೀಕರುಗಳಿಂದಲೂ ಬರುತ್ತದೆ. ದೀನದಯಾಳನ್‌ನ ದನಿ ನಾಲ್ಕೂ ದಿಕ್ಕಿನಿಂದ ಮೊಳಗಿತು.

“ತಂಬಿ! ಆರುಚ್ಚಾಮಿ ನಿಮ್ಮನ್ನ ಹೊಗಳಿದ್ದೂ ಹೊಗಳಿದ್ದೇ! ಕೇಳಿ, ಅವಿನಾಶೀಲಿ ಇನ್ನೊಂದು ಮನೆ ಐತೆ. ಅವ್ರಿಗೂ ಮಗಳು ಅವ್ಳೆ. ಮುಂದಿನ ಭಾನುವಾರ ನೋಡ್ಬೇಕು ಅಂತವ್ರೆ.”

ಮಾವ ತಿರುಮೂರ್ತಿಯ ಮುಖ ನೋಡಿದರು. ತಿರುಮೂರ್ತಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ: “ನೋಡೋದು ವಂಡೀನಾ? ನನ್ನನ್ನಾ?”

“ನೀವೂ ಬರ್ಲೇಬೇಕು ತಂಬಿ,” ಎಂದ ದೀನದಯಾಳನ್. “ವಂಡಿ ಓಡ್ಸೋಕೆ ಒಬ್ರು ಬೇಕಲ್ವಾ?”

ತಿರುಮೂರ್ತಿ ಗೇರು ಬದಲಿಸಲು ಕೈ ಹಾಕಿದ. ಈ ಕಾರಿನಲ್ಲಿ ಅದನ್ನೂ ಕಾರೇ ಮಾಡಿಕೊಳ್ಳುತ್ತದೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದ.

“ಎಷ್ಟು ಗಂಟೆಗೆ ಬರ್ಬೇಕು?” ಎಂದು ಕೇಳಿದ.